ಜಾಬ್ ಕಾರ್ಡ್: ಫೆಲನಾಪ್ಸಿಸ್ ಒಂದು, ಬೇರು ಕೊಳೆತದ್ದು

ಸುಟ್ಟ ಮೋಟಾರು ಅಂಗಡಿಗೆ ಬಂದರೆ ನಾನು ಮೊದಲು ಮೂಸಿ ನೋಡುತ್ತೇನೆ. ಮೀಟರು ಆಮೇಲೆ. ವಾರ್ನಿಷ್ ಕರಕಲಾದ ವಾಸನೆ ಬಂತೆಂದರೆ ವೈಂಡಿಂಗ್ ಹೋಗಿದೆ; ಬರಲಿಲ್ಲವೆಂದರೆ ಬೇರಿಂಗೋ ಕೆಪಾಸಿಟರೋ ಇರಬಹುದು. ಮೂವತ್ತು ವರ್ಷದಿಂದ ದಾವಣಗೆರೆಯಲ್ಲಿ ಬೋರ್‌ವೆಲ್ ಪಂಪು ಬಿಚ್ಚಿ ಕಟ್ಟುತ್ತಿರುವವನು ನಾನು. ಆದರೂ ಹೂವಿನ ಕುಂಡವನ್ನು ಮೂಸಿ ನೋಡಬೇಕು ಅನ್ನುವುದು ಹೊಳೆಯಲು ನಾಲ್ಕು ತಿಂಗಳು ಹಿಡಿಯಿತು.

2023ರ ಜನವರಿ ಕೊನೆಗೆ ಮಗಳು ಬೆಂಗಳೂರಿನಿಂದ ಬರುವಾಗ ಬಸ್ಸಿನಲ್ಲಿ ಐದು ತಾಸು ತೊಡೆಯ ಮೇಲಿಟ್ಟುಕೊಂಡು ಒಂದು ಫೆಲನಾಪ್ಸಿಸ್ ಆರ್ಕಿಡ್ ತಂದಳು. ಬಿಳಿ ಹೂವು ಏಳು, ಒಂದೊಂದೂ ಅಂಗೈ ಅಗಲ. ಪಾರದರ್ಶಕ ಪ್ಲಾಸ್ಟಿಕ್ ಕುಂಡ, ಒಳಗೆ ಮಣ್ಣಿನ ಸುಳಿವೇ ಇಲ್ಲ, ಒತ್ತಿ ತುಂಬಿದ ಒಣಪಾಚಿ. ‘ಮಣ್ಣು ಹಾಕಬೇಡಿ ಅಪ್ಪಾ, ವಾರಕ್ಕೊಂದು ಸಲ ನೀರು ಸಾಕು’ ಅಂದು ಹೋದಳು.

ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಆಚೆಯಿಂದ ನೋಡಿ, ‘ಬಂದಳಿಕೀನ ದುಡ್ಡು ಕೊಟ್ಟು ತಂದೀರೇನ್ರಿ’ ಅಂದರು. ಮರದ ಮೇಲೆ ಬೆಳೆಯುವುದೆಲ್ಲ ಅವರ ಲೆಕ್ಕದಲ್ಲಿ ಬಂದಳಿಕೆಯೇ. ಮಾವಿನ ಮರ ಹತ್ತುವ ಬಂದಳಿಕೆ ಕೊಂಬೆಯೊಳಗೆ ಬೇರಿಳಿಸಿ ರಸ ಹೀರುತ್ತದೆ. ಆರ್ಕಿಡ್ ತೊಗಟೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಬಾಡಿಗೆ ಕೊಡುವುದಿಲ್ಲ, ಅನ್ನ ಕದಿಯುವುದೂ ಇಲ್ಲ. ಮಲೆನಾಡಿನವರ ಸೀತಾಳೆ ದಂಡೆಯೂ ಇದೇ ಜಾತಿಯ ಬದುಕು. ಅದನ್ನೇ ಅಸ್ಸಾಮಿನವರು ಕೋಪೌ ಅನ್ನುತ್ತಾರೆ, ಅವರ ರಾಜ್ಯದ ಹೂವು ಅದು. ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು ‘ಕಾಡಿಂದ ಒಂದು ಕಿತ್ತು ತಂದು ಕೊಡ್ಲಾ’ ಅಂತ ಕೇಳಿದ್ದರು. ಬೇಡ ಅಂದೆ. ಕಾಡಿನ ಆರ್ಕಿಡ್ ಕೀಳುವುದು ತಪ್ಪು ಅನ್ನುವುದು ಒಂದು ಕಡೆ. ಮಲೆನಾಡಿನ ಮಂಜು ಉಂಡು ಬೆಳೆದದ್ದು ನಮ್ಮ ಊರಿನ ಏಪ್ರಿಲ್‌ಗೆ ಬದುಕುವುದಿಲ್ಲ ಅನ್ನುವುದು ಇನ್ನೊಂದು ಕಡೆ.

ಹೂವು ಮಾರ್ಚ್ ಕೊನೆಯವರೆಗೂ ನಿಂತವು. ಏಪ್ರಿಲ್‌ನಲ್ಲಿ ಎಲೆ ಜೋತು ಬಿತ್ತು. ಚರ್ಮ ಸುಕ್ಕುಗಟ್ಟಿ, ಹಳೆಯ ಚಪ್ಪಲಿಯ ಪಟ್ಟಿ ಇದ್ದ ಹಾಗೆ. ಬಾಯಾರಿಕೆ ಅಂತ ತಿಳಿದು ನೀರು ಹೆಚ್ಚಿಸಿದೆ. ಎಲೆ ಇನ್ನೂ ಜೋತಿತು, ಇನ್ನೂ ನೀರು ಹಾಕಿದೆ. ಓವರ್‌ಲೋಡ್ ಆಗಿ ಟ್ರಿಪ್ ಆಗುವ ಮೋಟಾರಿಗೆ ದೊಡ್ಡ ಫ್ಯೂಸ್ ಹಾಕುವ ಗಿರಾಕಿಗಳನ್ನು ದಿನಾ ಬೈಯುವವನು ನಾನೇ.

ಕುಂಡ ಮೂಸಿದ್ದು ಜೂನ್ 11ರ ಭಾನುವಾರ. ಹಳೆಯ ಗಟಾರದ ವಾಸನೆ. ಹೆಂಡತಿಗೆ ಹೇಳಿ ಪೇಪರು ಹಾಸಿಸಿಕೊಂಡು ಅಲ್ಲೇ ಬಿಚ್ಚಿದೆ.

ಪಾಚಿಯ ಮೇಲ್ಪದರ ಮಂಡಕ್ಕಿಯಂತೆ ಗರಿಗರಿ, ಒಳಗೆ ಹಿಂಡಿದರೆ ನೀರು ಸೋರುವಷ್ಟು ಒದ್ದೆ. ಮೇಲೆ ಬೆರಳಿಟ್ಟು ನೋಡಿ ‘ಒಣಗಿದೆ’ ಅಂದುಕೊಂಡು ನೀರು ಸುರಿದದ್ದು ಅದಕ್ಕೇ. ಇನ್ನೂ ಒಳಗೆ, ಬುಡದ ನಟ್ಟನಡುವೆ, ಸಣ್ಣ ಬುಟ್ಟಿಯಂಥದ್ದರಲ್ಲಿ ಬೇರೆಯೇ ಒಂದು ಪಾಚಿಯ ಉಂಡೆ. ಸಸಿ ಚಿಕ್ಕದಿದ್ದಾಗ ನರ್ಸರಿಯವರು ಇಟ್ಟದ್ದು, ತೆಗೆದೇ ಇರಲಿಲ್ಲ. ಕೊಳೆ ಶುರುವಾದದ್ದು ಅಲ್ಲಿಂದಲೇ. ಅಂಗಡಿಯಿಂದ ತಂದ ಯಾವ ಫೆಲನಾಪ್ಸಿಸ್ ಆದರೂ ಹೂವು ಮುಗಿದ ಕೂಡಲೇ ಬಿಚ್ಚಿ ಆ ಉಂಡೆ ಇದೆಯಾ ನೋಡಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಬೇರು ಪರೀಕ್ಷೆಗೆ ಮೀಟರು ಬೇಡ, ಎರಡು ಬೆರಳು ಸಾಕು. ಒತ್ತಿದರೆ ಗಟ್ಟಿ ಇದ್ದದ್ದು ಜೀವಂತ. ಮೆತ್ತಗಾಗಿ, ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬಂದರೆ ಸತ್ತದ್ದು. ಇನ್ಸುಲೇಷನ್ ಸ್ಲೀವ್ ಜಾರಿ ಬರೀ ತಂತಿ ಉಳಿದ ಹಾಗೆ. ಈ ಸಿಪ್ಪೆಯೇ ಆರ್ಕಿಡ್ಡಿನ ಗುಟ್ಟು. ವೆಲಮೆನ್ ಅನ್ನುತ್ತಾರೆ. ಅದು ಸತ್ತ ಕೋಶಗಳ ಸ್ಪಂಜು. ಮಳೆಹನಿ ಬಿದ್ದರೆ ಕ್ಷಣದಲ್ಲಿ ಹೀರಿಕೊಂಡು ಒಳಗಿನ ಜೀವಂತ ಬೇರಿಗೆ ನಿಧಾನ ಕೊಡುತ್ತದೆ. ಒಣಗಿದಾಗ ಅದರ ತುಂಬ ಗಾಳಿ, ಹಾಗಾಗಿ ಬೆಳ್ಳಿ ಬಣ್ಣ. ಒದ್ದೆಯಾದಾಗ ಒಳಗಿನ ಹಸಿರು ಕಾಣುತ್ತದೆ. ಕುಂಡವನ್ನು ಪಾರದರ್ಶಕ ಮಾಡಿರುವುದು ಚೆಂದಕ್ಕಲ್ಲ. ಬೇರು ಹಸಿರಿದ್ದರೆ ನೀರು ಬೇಡ, ಬೆಳ್ಳಗಾದರೆ ನೀರು ಬೇಕು. ಇಂಡಿಕೇಟರ್ ಲ್ಯಾಂಪು ಕಣ್ಣೆದುರೇ ಇತ್ತು, ನಾನು ಎಲೆ ನೋಡುತ್ತ ಕೂತಿದ್ದೆ.

ಲೆಕ್ಕ ಹಾಕಿದರೆ ಹದಿನಾಲ್ಕು ಬೇರಿನಲ್ಲಿ ಎರಡೂವರೆ ಉಳಿದಿದ್ದವು. ಬೇರಿಲ್ಲದ ಗಿಡ ಕುಡಿಯುವುದು ಎಲ್ಲಿಂದ? ನೀರಿನಲ್ಲಿ ಮುಳುಗಿಯೇ ಎಲೆ ಬಾಯಾರಿ ಸುಕ್ಕುಗಟ್ಟಿತ್ತು.

ಬ್ಲೇಡನ್ನು ಸ್ಪಿರಿಟ್ ದೀಪಕ್ಕೆ ಹಿಡಿದು, ಸತ್ತದ್ದನ್ನೆಲ್ಲ ಗಟ್ಟಿ ಭಾಗದವರೆಗೆ ಕತ್ತರಿಸಿದೆ. ಕತ್ತರಿಸಿದ ಬಾಯಿಗೆ ಮಾತ್ರ ಅಡುಗೆಮನೆಯ ಚಕ್ಕೆ ಪುಡಿ. ಚಕ್ಕೆ ಗಾಯವನ್ನು ಒಣಗಿಸುತ್ತದೆ. ಒಳ್ಳೆಯ ಬೇರಿಗೆ ತಾಗಿದರೆ ಅದನ್ನೂ ಒಣಗಿಸುತ್ತದೆ, ಉದುರಿಸಬಾರದು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರ ಗೆಳೆಯನೊಬ್ಬ ಅವತ್ತೇ ಪಂಪ್‌ಸೆಟ್ ತಗೊಂಡು ಬಂದಿದ್ದ. ‘ಕೊಳೆ ಅಂದ್ರೆ ಬೋರ್ಡೋ ಹೊಡಿ, ಮುಗೀತು’ ಅಂದ. ಅಡಿಕೆಗೆ ಸರಿ. ಬೋರ್ಡೋದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಆರ್ಕಿಡ್ಡಿಗೆ, ಅದರಲ್ಲೂ ಡೆಂಡ್ರೋಬಿಯಮ್ ಅನ್ನುವ ಆರ್ಕಿಡ್ ಜಾತಿಗೆ, ತಾಮ್ರ ವಿಷ. ಅದರ ಬದಲು ಗೊಬ್ಬರದಂಗಡಿಯಲ್ಲಿ ಸಿಗುವ ಕಾರ್ಬೆಂಡಜಿಮ್, ಮ್ಯಾಂಕೊಜೆಬ್ ಎರಡೂ ಸೇರಿದ ಪುಡಿಯನ್ನು ಲೀಟರಿಗೆ ಎರಡು ಗ್ರಾಂ ಕದಡಿ, ಕೈಗೆ ಗ್ಲೌಸು ಹಾಕಿ, ಬೇರನ್ನು ಹತ್ತು ನಿಮಿಷ ಅದ್ದಿದೆ. ಒಂದು ರಾತ್ರಿ ಹಾಗೇ ಗಾಳಿಗೆ ತೂಗುಹಾಕಿದೆ.

ಕೊಳೆತದ್ದಕ್ಕೆ ಕಾರಣ ಸಿಕ್ಕಿತು. ಉಳಿದ ಎರಡೂವರೆ ಬೇರಿನ ತುದಿಯೂ ಕಪ್ಪಗೆ ಸುಟ್ಟ ಹಾಗೆ ಯಾಕಿತ್ತು? ಆ ಉತ್ತರ ಸಿಕ್ಕಿದ್ದು ಬಕೆಟ್ಟಿನಲ್ಲಿ.

ನಮ್ಮಲ್ಲಿ ಆರ್‌ಒ ಯಂತ್ರದ ವೇಸ್ಟ್ ನೀರು ಚೆಲ್ಲುವುದಿಲ್ಲ. ಬಕೆಟ್ಟಿಗೆ ಹಿಡಿದು ಪಾತ್ರೆಗೆ, ನೆಲಕ್ಕೆ, ಗಿಡಕ್ಕೆ ಬಳಸುತ್ತೇವೆ. ಉಳಿತಾಯ ಅಂತ ನಾನೇ ಹೇಳಿಕೊಟ್ಟದ್ದು. ಅಂಗಡಿಯಿಂದ ಟಿಡಿಎಸ್ ಮೀಟರು, ಅಂದರೆ ನೀರಿನಲ್ಲಿ ಕರಗಿದ ಉಪ್ಪು ಅಳೆಯುವುದು, ತಂದು ಎಲ್ಲ ನೀರನ್ನೂ ಅಳೆದೆ. ಬೋರ್ ನೀರು 1,140 ಪಿಪಿಎಂ. ನಲ್ಲಿಯ ಹೊಳೆ ನೀರು 230. ಆರ್‌ಒ ಕುಡಿಯುವ ನೀರು 38. ಆ ಬಕೆಟ್ಟಿನ ನೀರು 1,620. ಯೋಚಿಸಿದರೆ ಇಷ್ಟೇ: ಕುಡಿಯುವ ನೀರಿನಿಂದ ತೆಗೆದ ಉಪ್ಪು ಎಲ್ಲಿಗೂ ಮಾಯವಾಗುವುದಿಲ್ಲ, ವೇಸ್ಟ್ ಪೈಪಿಗೆ ಹೋಗುತ್ತದೆ. ದಾಸವಾಳ, ಕರಿಬೇವು ಹೇಗೋ ತಡೆದುಕೊಂಡಿದ್ದವು. ಮಳೆಹನಿ ಕುಡಿದು ಬದುಕುವ ಜಾತಿಗೆ ನಾನು ನಾಲ್ಕು ತಿಂಗಳು ಸವಳು ನೀರು ಕುಡಿಸಿದ್ದೆ. ನೀರು ಆವಿಯಾದಂತೆ ಪಾಚಿಯಲ್ಲಿ ಉಪ್ಪು ಉಳಿದು ಇನ್ನೂ ಗಟ್ಟಿಯಾಗಿರುತ್ತದೆ. ಆ ಪಾಚಿಯ ಒಂದು ಹಿಡಿಯನ್ನು ಲೀಟರ್ ಆರ್‌ಒ ನೀರಿನಲ್ಲಿ ನೆನೆಸಿ ಅಳೆದೆ: 38 ಇದ್ದದ್ದು 700 ದಾಟಿತು.

ಅವತ್ತಿನಿಂದ ಆರ್ಕಿಡ್‌ಗೆ ಮಳೆ ನೀರು, ಅದು ಮುಗಿದರೆ ಹೊಳೆ ನೀರು ಅರ್ಧ ಆರ್‌ಒ ನೀರು ಅರ್ಧ. ಮಳೆ ನೀರು ಅಳೆದಾಗ 14 ಬಂತು. ಮೊದಲ ಮಳೆಯದ್ದು ಹಿಡಿಯಬೇಡಿ, ಮಾಳಿಗೆಯ ಧೂಳೆಲ್ಲ ಅದರಲ್ಲಿರುತ್ತದೆ. ಬರೀ ಆರ್‌ಒ ನೀರನ್ನೇ ಹಾಕುವುದೂ ಒಳ್ಳೆಯದಲ್ಲ, ಅದರಲ್ಲಿ ಸುಣ್ಣ, ಮೆಗ್ನೀಸಿಯಂ ಹೆಚ್ಚೇನೂ ಇರುವುದಿಲ್ಲ. ಹೊಳೆ ನೀರು ಬೆರೆಸಿದರೆ ಆ ಕೊರತೆ ತುಂಬುತ್ತದೆ.

ಇನ್ನು ಮಿಶ್ರಣ. ಪೈನ್ ತೊಗಟೆ ತರಿಸಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ತೆಂಗಿನ ಸೀಮೆಯಲ್ಲಿ ಕೂತು ಎಲ್ಲಿಯದೋ ತೊಗಟೆಗೆ ದುಡ್ಡು ಕೊಡಲು ನನಗೆ ಮನಸ್ಸು ಬರಲಿಲ್ಲ. ಹೊಳಲ್ಕೆರೆ, ಹೊಸದುರ್ಗದ ಕಡೆ ಹೋದರೆ ತೆಂಗಿನ ಸಿಪ್ಪೆ ರಾಶಿ ರಾಶಿ ಬಿದ್ದಿರುತ್ತದೆ. ಒಂದು ಚೀಲ ತಂದು ಮಚ್ಚಿನಿಂದ ಎರಡು ಸೆಂಟಿಮೀಟರ್ ಚೌಕಕ್ಕೆ ಕೊಚ್ಚಿದೆ. ಹೊಸ ಸಿಪ್ಪೆಯಲ್ಲೂ ಉಪ್ಪು, ಒಗರು ಎರಡೂ ಇವೆ. ನೀರಿಗೆ ಹಾಕಿದ ಮಾರನೇ ದಿನ ಗಟ್ಟಿ ಚಹದ ಬಣ್ಣ, ಮೀಟರಿನಲ್ಲಿ 1,400. ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತ ಹೋದೆ. ಆರನೇ ಬದಲಿಗೆ 400ಕ್ಕೆ ಇಳಿಯಿತು, ಒಂಬತ್ತನೆಯದಕ್ಕೆ ಹಾಕಿದ ಹೊಳೆ ನೀರಿನ ಲೆಕ್ಕಕ್ಕೇ ಬಂದು ನಿಂತಿತು. ಹದಿನೆಂಟು ದಿನ. ಅವಸರ ಇದ್ದವರು ಈ ದಾರಿ ಹಿಡಿಯಬೇಡಿ. ಅಷ್ಟು ದಿನ ಗಿಡವನ್ನು ಎಲ್ಲಿಟ್ಟಿದ್ದೆ ಅಂದರೆ, ಸ್ವೀಟ್ ಡಬ್ಬಿಯೊಂದರಲ್ಲಿ ತೊಳೆದ ಹೆಂಚಿನ ಚೂರು ಹಾಕಿ, ಅದರ ಮೇಲೆ. ಬೇರಿಗೆ ದಿನಾ ಬೆಳಿಗ್ಗೆ ಒಂದು ಸಲ ಸ್ಪ್ರೇ, ಅಷ್ಟೇ.

ಇದ್ದಿಲು ಬೇಕಿತ್ತು. ನಮ್ಮ ಊರಿನಲ್ಲಿ ಅದಕ್ಕೆ ಚಿಂತೆಯಿಲ್ಲ. ಬೆಣ್ಣೆದೋಸೆ ಇನ್ನೂ ಸೌದೆ ಒಲೆಯ ಮೇಲೆಯೇ ಬೇಯುವ ಹೋಟೆಲುಗಳಿವೆ. ಪರಿಚಯದ ಭಟ್ಟರೊಬ್ಬರು ಬೆಳಗಿನ ವ್ಯಾಪಾರ ಮುಗಿದ ಮೇಲೆ ಒಂದು ಡಬ್ಬಿ ತುಂಬಿ ಕೊಟ್ಟರು. ‘ಹಲ್ಲುಜ್ಜೋಕಾ?’ ಅಂತ ಕೇಳಿದರು. ಹೂವಿಗೆ ಅಂದೆ. ನಂಬಲಿಲ್ಲ. ಒಲೆಯ ಇದ್ದಿಲಿಗೆ ಬೂದಿ ಮೆತ್ತಿರುತ್ತದೆ, ಬೂದಿ ಕ್ಷಾರ. ಮೂರು ನಾಲ್ಕು ನೀರಲ್ಲಿ ತಿಕ್ಕಿ ತೊಳೆಯಲೇಬೇಕು. ಬೆಣ್ಣೆ ಜಿಡ್ಡು ತಾಗಿದ ತುಂಡನ್ನು ಎಸೆದೆ, ಇರುವೆಗೆ ಕರೆಯೋಲೆ ಕೊಟ್ಟಂತಾಗುತ್ತದೆ. ಸಿಪ್ಪೆ ಮೂರು ಪಾಲು, ಇದ್ದಿಲು ಎರಡು ಪಾಲು, ಹೆಂಚಿನ ಚೂರು ಒಂದು ಪಾಲು. ಬೆಂಗಳೂರಿನವರಿಗೆ ಇಷ್ಟು ಸಿಪ್ಪೆ ಹೆಚ್ಚಾದೀತು, ಅಲ್ಲಿ ಗಾಳಿಯಲ್ಲೇ ತೇವ ಇದೆ. ನಮ್ಮ ಒಣಹವೆಗೆ ಬರೀ ಇದ್ದಿಲಾದರೆ ಮಧ್ಯಾಹ್ನದೊಳಗೆ ಬೇರು ಕಡ್ಡಿಯಾಗುತ್ತದೆ.

ಕುಂಡ ಅದೇ ಪ್ಲಾಸ್ಟಿಕ್ಕಿನದು, ಆದರೆ ಪಕ್ಕದ ಗೋಡೆಗೆ ಸೋಲ್ಡರಿಂಗ್ ಐರನ್ನಿನಿಂದ ಇಪ್ಪತ್ತು ತೂತು ಸುಟ್ಟೆ. ಆ ಹೊಗೆ ಒಳ್ಳೆಯದಲ್ಲ, ಬಯಲಲ್ಲಿ ಮಾಡಿ. ನಡುವೆ ಗಾಳಿ ಆಡಲಿ ಅಂತ ಬುಡದಲ್ಲಿ ತೂತಿನ ಪ್ಲಾಸ್ಟಿಕ್ ಲೋಟವೊಂದನ್ನು ಬೋರಲು ಹಾಕಿ, ಅದರ ಸುತ್ತ ಮಿಶ್ರಣ ತುಂಬಿದೆ. ಬೇರು ಕಡಿಮೆ ಇದ್ದ ಗಿಡ ಅಲುಗಾಡುತ್ತದೆ. ಅಲುಗಾಡಿದರೆ ಹೊಸ ಬೇರಿನ ತುದಿ ಉಜ್ಜಿ ಸಾಯುತ್ತದೆ. ಎರಡು ಕಡೆಯಿಂದ ವೈಂಡಿಂಗ್ ಕಟ್ಟುವ ಹತ್ತಿ ಟೇಪಿನಲ್ಲಿ ಕುಂಡಕ್ಕೆ ಬಿಗಿದೆ. ಗೊಬ್ಬರ ಎರಡು ತಿಂಗಳು ಮುಟ್ಟಲಿಲ್ಲ. ಆಮೇಲೆ ಡ್ರಿಪ್ ರೈತರು ಬಳಸುವ 19:19:19, ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಂದು ಸಲ. ನಾಲ್ಕನೇ ವಾರ ಬರೀ ನೀರು ಹರಿಸಿ ಉಪ್ಪು ತೊಳೆಯುವುದು. ಚಮಚದ ಅಂದಾಜು ಬೇಡ, ನಾನು ಅಕ್ಕಸಾಲಿ ತೂಕದ ಸಣ್ಣ ಮಷೀನು ಇಟ್ಟುಕೊಂಡಿದ್ದೇನೆ.

ಆಗಸ್ಟ್ ಎರಡನೇ ವಾರ ಬುಡದ ಸಿಪ್ಪೆ ಸೀಳಿಕೊಂಡು ಹಸಿರು ಮೂತಿಯೊಂದು ಹೊರಬಂತು. ಹೊಸ ಬೇರು. ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರಿನಲ್ಲಿ ಮುಳ್ಳು ಇನ್ಫಿನಿಟಿಗೆ ಹೋಗಿ ನಿಂತಾಗ ಆಗುವ ಸಮಾಧಾನವೇ ಅವತ್ತೂ ಆದದ್ದು. ಡಿಸೆಂಬರ್ ಹೊತ್ತಿಗೆ ಐದು ಬೇರು, ಒಂದು ಹೊಸ ಎಲೆ.

ಹೂವು ಯಾವಾಗ ಅಂತ ಮಗಳು ಫೋನಿನಲ್ಲಿ ಕೇಳುತ್ತಲೇ ಇದ್ದಳು. ಕೇಳಿದವರೆಲ್ಲ ಹೇಳಿದ ಮಾತು ಒಂದೇ: ರಾತ್ರಿ ತಂಪು ಕೊಡಿ, ಹೂಕಡ್ಡಿ ಬರುತ್ತದೆ. ತಂಪು ನಮ್ಮಲ್ಲಿ ಡಿಸೆಂಬರ್‌ನಲ್ಲಿ ಪುಕ್ಕಟೆ. ಪೂರ್ವದ ಬಾಲ್ಕನಿಯಲ್ಲಿ ಮ್ಯಾಕ್ಸ್-ಮಿನ್ ಥರ್ಮಾಮೀಟರು ತೂಗುಹಾಕಿದೆ. ರಾತ್ರಿ 16, 17 ಡಿಗ್ರಿ. ಹಗಲು 29, ಕೆಲವು ದಿನ 30. ಜನವರಿ ಮುಗಿಯುವವರೆಗೆ ದಿನಾ ಬ್ಯಾಟರಿ ಹಿಡಿದು ಎಲೆಯ ಸಂದಿ ನೋಡಿದೆ. ಬಂದದ್ದು ಇನ್ನೊಂದು ಎಲೆ.

ಬೇರು ಕಡಿಮೆ, ಶಕ್ತಿ ಸಾಲದು ಅಂತ ಬಿಟ್ಟೆ. ಅದೂ ಇದ್ದೀತು. ಅಷ್ಟರಲ್ಲಿ 2024ರ ಬೇಸಿಗೆ ಬಂದು, ಹೂವಿರಲಿ, ಜೀವ ಉಳಿದರೆ ಸಾಕು ಅನ್ನುವಂತಾಯಿತು.

ಏಪ್ರಿಲ್ ಕೊನೆಗೆ ಬಾಲ್ಕನಿಯ ಮೀಟರು 40 ತೋರಿಸಿತು. ಮಧ್ಯಾಹ್ನದ ತೇವಾಂಶ ಶೇ. 18. ಫೆಲನಾಪ್ಸಿಸ್ ಹಗಲು ಎಲೆಯ ಬಾಯಿ ಮುಚ್ಚಿಕೊಂಡು ರಾತ್ರಿ ಉಸಿರಾಡುವ ಗಿಡ, ಕಳ್ಳಿಯ ಹಾಗೆ. ಆದರೆ ನಮ್ಮಲ್ಲಿ ಆಗ ರಾತ್ರಿಯೂ ಗಾಳಿ ಒಣಗಿಯೇ ಇರುತ್ತದೆ. ಹಾಗಾಗಿ ಒಂದು ಕಪಾಟು ಕಟ್ಟಿದೆ. ಇದು ನನ್ನ ಕಸುಬಿಗೆ ಹತ್ತಿರದ ಕೆಲಸ, ಖುಷಿಯಿಂದ ಮಾಡಿದ್ದು.

ತೂತಿನ ಕಬ್ಬಿಣದ ಆ್ಯಂಗಲ್ಲಿನಲ್ಲಿ ನಾಲ್ಕಡಿ ಎತ್ತರ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಚೌಕಟ್ಟು. ಮೇಲೆ, ಮುಂದೆ ಶೇ. 75ರ ನೆರಳು ಪರದೆ. ಬಿಸಿಲು ಬೀಳುವ ಎರಡು ಪಕ್ಕಕ್ಕೆ ಗೋಣಿತಟ್ಟು. ತಟ್ಟಿನ ನೆತ್ತಿಗೆ ಅರ್ಧ ಇಂಚಿನ ಪಿವಿಸಿ ಪೈಪು, ಐದು ಸೆಂಟಿಮೀಟರಿಗೊಂದರಂತೆ ಒಂದು ಮಿಲಿಮೀಟರ್ ತೂತು. ಕೆಳಗೆ ಟ್ರೇ, ಟ್ರೇಯಲ್ಲಿ ಹಳೆಯ ಏರ್‌ಕೂಲರಿನ 18 ವ್ಯಾಟ್ ಪಂಪು. ಟೈಮರಿನಲ್ಲಿ ತಾಸಿಗೆ ಹದಿನೈದು ನಿಮಿಷ ಓಡುತ್ತದೆ, ತಟ್ಟಿನಿಂದ ಇಳಿದ ನೀರು ಮತ್ತೆ ಟ್ರೇಗೇ. ಕೆಟ್ಟ ಕಂಪ್ಯೂಟರಿನ ಎರಡು 12 ವೋಲ್ಟ್ ಫ್ಯಾನು ತಟ್ಟಿನ ಕಡೆಯಿಂದ ಒಳಗೆ ಗಾಳಿ ಎಳೆಯುತ್ತವೆ. ಗಾಳಿ ನೇರ ಎಲೆಗೆ ಹೊಡೆಯಬಾರದು, ಗೋಡೆಗೆ ಬಡಿದು ತಿರುಗಬೇಕು. ನೀರೂ ಕರೆಂಟೂ ಒಂದೇ ಚೌಕಟ್ಟಿನಲ್ಲಿದೆ, ಚೌಕಟ್ಟು ಕಬ್ಬಿಣದ್ದು. ಅರ್ಥಿಂಗ್ ಕೊಟ್ಟು, ಕರೆಂಟು ಸೋರಿದರೆ ಕೂಡಲೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕದೆ ಇದನ್ನು ಯಾರೂ ಕಟ್ಟಬೇಡಿ. ಹೂವಿನ ಆಸೆಗೆ ಶಾಕ್ ಹೊಡೆಸಿಕೊಂಡರೆ ನಗುವವರೂ ಇರುವುದಿಲ್ಲ.

ಹೊರಗೆ 39 ಇದ್ದಾಗ ಒಳಗೆ 33, ತೇವಾಂಶ 46ರಿಂದ 52ರವರೆಗೆ ಬಂತು. ಒಂದು ತಪ್ಪು ಆಯಿತು: ತಟ್ಟಿಗೆ ತಾನೇ ಅಂತ ಬೋರ್ ನೀರು ಹಾಕಿದೆ. ಮೂರು ವಾರಕ್ಕೆ ಗೋಣಿಯ ಮೇಲೆ ಸುಣ್ಣ ಹೊಡೆದ ಹಾಗೆ ಬಿಳಿ ಪದರ ಕಟ್ಟಿ, ಪೈಪಿನ ತೂತೆಲ್ಲ ಮುಚ್ಚಿದವು. ಉಪ್ಪು ಎಲ್ಲಿಗೂ ಮಾಯವಾಗುವುದಿಲ್ಲ ಅಂತ ಹೋದ ವರ್ಷವೇ ಕಲಿತವನು. ಹೊಸ ತಟ್ಟು, ಹೊಳೆ ನೀರು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಪಂಪು ಬಿಚ್ಚಿಟ್ಟೆ.

ಇದರ ಮಧ್ಯೆ ಒಂದು ಡೆಂಡ್ರೋಬಿಯಮ್ ಕೂಡ ಮನೆಗೆ ಬಂದಿತ್ತು. ಮದುವೆ ಮಂಟಪದ ಅಲಂಕಾರದಲ್ಲಿ ನೋಡುತ್ತೇವಲ್ಲ, ನೇರಳೆ ಬಿಳುಪಿನ ಸೋನಿಯಾ, ಅದೇ ಜಾತಿ. ಅದರ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅದು ತೊಂದರೆಯನ್ನೇ ಕೊಡಲಿಲ್ಲ. ಕಬ್ಬಿನಂತೆ ಗಣ್ಣು ಗಣ್ಣಿನ ದಂಟಿನಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ. ತೂತಿನ ಮಣ್ಣಿನ ಕುಂಡ, ಮುಕ್ಕಾಲು ಇದ್ದಿಲು, ಶೇ. 50ರ ಪರದೆಯ ಕೆಳಗೆ ಮಾಳಿಗೆಯ ಮೇಲೆ ಇಟ್ಟೆ. ಹಿಟ್ಟುತಿಗಣೆ ಒಂದು ಸಲ ಬಂತು. ದಂಟಿನ ಒಣ ಸಿಪ್ಪೆ ಸುಲಿದು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ವರ್ಷಕ್ಕೆ ಎರಡು ಸಲ ಹೂವು ಬಿಡುತ್ತಿದೆ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಆರ್ಕಿಡ್ ಶುರುಮಾಡುವವರು ಫೆಲನಾಪ್ಸಿಸ್ ಬಿಟ್ಟು ಇದನ್ನು ತಗೊಳ್ಳಿ. ನಾನು ಉಲ್ಟಾ ಮಾಡಿದೆ, ಉಡುಗೊರೆ ಬಂದದ್ದನ್ನು ಆಯ್ದುಕೊಳ್ಳಲು ಆಗುವುದಿಲ್ಲವಲ್ಲ.

ಹೂಕಡ್ಡಿಯ ಮಾತಿಗೆ ಬರುತ್ತೇನೆ. 2024ರ ಮಳೆಗಾಲದಲ್ಲಿ ಮಗಳು ಒಂದು ಸಂಶೋಧನಾ ಲೇಖನದ ಸಾರಾಂಶ ಓದಿ ಹೇಳಿದಳು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬ್ಲಾಂಚರ್ಡ್ ಮತ್ತು ರಂಕಲ್ ಅನ್ನುವವರು 2006ರಲ್ಲಿ ಪ್ರಕಟಿಸಿದ್ದು. ಫೆಲನಾಪ್ಸಿಸ್ ಗಿಡಗಳನ್ನು ಬೇರೆ ಬೇರೆ ಹಗಲು-ರಾತ್ರಿ ಉಷ್ಣತೆಯಲ್ಲಿ ಇಪ್ಪತ್ತು ವಾರ ಇಟ್ಟು ನೋಡಿದ್ದಾರೆ. ಹಗಲೂ ರಾತ್ರಿಯೂ ಒಂದೇ ಸಮ 23 ಡಿಗ್ರಿ ಇದ್ದ ಕಡೆ, ರಾತ್ರಿ ತಂಪಿನ ಏರಿಳಿತವೇ ಇಲ್ಲದೆ, ಶೇ. 80 ಅಥವಾ ಅದಕ್ಕೂ ಹೆಚ್ಚು ಗಿಡ ಹೂಕಡ್ಡಿ ಬಿಟ್ಟಿವೆ. ಹಗಲು 29, ರಾತ್ರಿ 17 ಇಟ್ಟ ಕಡೆ ಒಂದೇ ಒಂದು ಗಿಡವೂ ಬಿಟ್ಟಿಲ್ಲ. ಗಿಡ ಲೆಕ್ಕಕ್ಕೆ ಹಿಡಿಯುವುದು ರಾತ್ರಿಯ ತಂಪನ್ನಲ್ಲ, ಹಗಲಿನ ಬಿಸಿಯನ್ನು.

ಇನ್ನೊಂದು ಸಲ ಓದು ಅಂದೆ. ನನ್ನ ಡಿಸೆಂಬರ್ ಡೈರಿ ತೆಗೆದು ನೋಡಿದೆ. ಹಗಲು 29, ರಾತ್ರಿ 16, 17. ಹೂವು ಬಾರದ ಪ್ರಯೋಗವನ್ನೇ ನಾನು ಬಾಲ್ಕನಿಯಲ್ಲಿ ಎರಡು ತಿಂಗಳು ಶ್ರದ್ಧೆಯಿಂದ ಮಾಡಿದ್ದೆ. ಹಗಲೂ ತಂಪಿರುವ ಊರಿನವರಿಗೆ ಆ ‘ರಾತ್ರಿ ತಂಪು’ ಸಲಹೆ ಫಲ ಕೊಟ್ಟಿರುತ್ತದೆ. ನಮ್ಮ ಚಳಿಗಾಲದ ಹಗಲು ಅವರ ಬೇಸಿಗೆ.

ಹಗಲು 25ರ ಒಳಗಿರುವ ಜಾಗ ದಾವಣಗೆರೆಯಲ್ಲಿ ಎಲ್ಲಿದೆ? ಎಸಿ ಹಾಕುವುದು ನನ್ನ ಜೇಬಿಗೆ ಒಗ್ಗದ ಮಾತು. ಆಗ ನೆನಪಾದದ್ದು ಹಳೇ ಊರಿನ ಮನೆ. ದುಗ್ಗಮ್ಮನ ಗುಡಿಯ ಆಚೆ ನಮ್ಮಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆಯೊಂದಿದೆ. ಎರಡಡಿ ದಪ್ಪದ ಗೋಡೆ, ಮೇಲೆ ಜಂತೆ, ಜಂತೆಯ ಮೇಲೆ ಮಣ್ಣು. ಈಗ ಅಲ್ಲಿ ನನ್ನ ಗುಜರಿ ಸ್ಟೇಟರುಗಳು, ತಾಮ್ರದ ತಂತಿ. ನವೆಂಬರ್‌ನಲ್ಲಿ ಥರ್ಮಾಮೀಟರನ್ನು ನಡುಮನೆಯಲ್ಲಿ ಒಂದು ವಾರ ಇಟ್ಟೆ. ಹಗಲು 25 ದಾಟಲಿಲ್ಲ, ರಾತ್ರಿ 21ಕ್ಕಿಂತ ಇಳಿಯಲಿಲ್ಲ. ಅಜ್ಜ ಕಟ್ಟಿಸಿದ ಮನೆಯನ್ನು ಕೆಡವಿ ಆರ್‌ಸಿಸಿ ಹಾಕೋಣ ಅಂತ ಹತ್ತು ವರ್ಷದಿಂದ ತಮ್ಮನ ಜೊತೆ ವಾದ ನಡೆದಿತ್ತು. ಈಗ ನನ್ನ ಪಕ್ಷ ಬದಲಾಗಿದೆ, ಕಾರಣ ಅವನಿಗೆ ಹೇಳಿಲ್ಲ.

ತಂಪಿದೆ, ಬೆಳಕಿಲ್ಲ. ಬೆಳಕಿಂಡಿಯ ಕೆಳಗೆ ಫೋನಿನ ಲಕ್ಸ್ ಮೀಟರು 600 ತೋರಿಸಿತು. ಫೆಲನಾಪ್ಸಿಸ್‌ಗೆ ಹತ್ತು ಸಾವಿರದ ಆಸುಪಾಸು ಬೇಕು. 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬು, ಹಿಂದೆ ಬಿಳಿ ಬಣ್ಣ ಹೊಡೆದ ತಗಡು, ಎಲೆಯಿಂದ ಒಂದು ಗೇಣು ಮೇಲೆ. 8,000 ಬಂತು. ದಿನಕ್ಕೆ ಹನ್ನೆರಡು ತಾಸು, ಟೈಮರಿನಲ್ಲಿ.

2024ರ ನವೆಂಬರ್ 17, ಭಾನುವಾರ ಗಿಡವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹಳೇ ಮನೆಗೆ ಸಾಗಿಸಿದೆ. ಆಗ ಅದಕ್ಕೆ ಐದು ಎಲೆ, ಹನ್ನೊಂದು ಬೇರು. ಮೂರು ದಿನಕ್ಕೊಮ್ಮೆ ಅಂಗಡಿಗೆ ಹೋಗುವ ದಾರಿಯಲ್ಲಿ ಇಳಿದು ಬೇರಿನ ಬಣ್ಣ ನೋಡುವುದು, ಬೆಳ್ಳಗಿದ್ದರೆ ನೀರು, ಸುಳಿಯಲ್ಲಿ ನೀರು ನಿಂತಿದ್ದರೆ ಟಿಶ್ಯೂ ಪೇಪರಿನಿಂದ ಹೀರಿ ತೆಗೆಯುವುದು. ಸುಳಿಯಲ್ಲಿ ರಾತ್ರಿ ನೀರು ನಿಂತರೆ ಅಲ್ಲಿಂದಲೇ ಕೊಳೆಯುತ್ತದೆ. ಈ ಗಿಡಕ್ಕೆ ಇರುವುದು ಒಂದೇ ಸುಳಿ, ಅದು ಹೋದರೆ ಮುಗಿಯಿತು.

2025ರ ಜನವರಿ 2. ಮೇಲಿನಿಂದ ಮೂರನೇ ಎಲೆಯ ಬುಡದಲ್ಲಿ ಒಂದು ಮೊಳಕೆ. ಬೇರೋ ಹೂಕಡ್ಡಿಯೋ? ಬೇರಿನ ತುದಿ ಗುಂಡಗೆ, ನುಣ್ಣಗೆ, ಎಣ್ಣೆ ಸವರಿದಂತೆ ಹೊಳೆಯುತ್ತದೆ. ಇದರ ತುದಿ ಚಪ್ಪಟೆ, ಒಂದರ ಮೇಲೊಂದು ಹೊದಿಕೆ, ಹೆಬ್ಬೆರಳು ಮಾತ್ರ ಬೇರೆ ಇರುವ ಕೈಗವಸಿನ ಹಾಗೆ ಒಂದು ಕಡೆ ಸೀಳು. ಹೂಕಡ್ಡಿಯೇ. ಹೋಗಿ ನಲವತ್ತಾರು ದಿನಕ್ಕೆ. ಅಂಗಡಿಗೆ ಹೋಗಿ ಹುಡುಗರಿಗೆ ಮಂಡಕ್ಕಿ ಮಿರ್ಚಿ ತರಿಸಿದೆ, ಏನು ವಿಶೇಷ ಅಂತ ಕೇಳಿದರೆ ಹೇಳಲು ನಾಚಿಕೆಯಾಯಿತು.

ಕಡ್ಡಿ ಬಂದ ಮೇಲೆ ಕುಂಡದ ದಿಕ್ಕು ಬದಲಿಸಬಾರದು, ಬೆಳಕಿನ ಕಡೆ ತಿರುಗುತ್ತ ಸೊಟ್ಟಗಾಗುತ್ತದೆ. ಒಂದಡಿ ಆದಾಗ ಬಿದಿರು ಕಡ್ಡಿ ಊರಿ ಅದೇ ಹತ್ತಿ ಟೇಪಿನಲ್ಲಿ ಸಡಿಲವಾಗಿ ಕಟ್ಟಿದೆ. ಮಾರ್ಚ್ ಮೊದಲ ವಾರಕ್ಕೆ ಒಂಬತ್ತು ಮೊಗ್ಗು.

ಆಮೇಲೆ ಏಳಾದವು. ಹೆಂಡತಿ ತೋಟದಿಂದ ಬಂದ ಬಾಳೆಗೊನೆಯನ್ನು ತಂಪು ಮನೆ ಅಂತ ಅಲ್ಲೇ ನಡುಮನೆಯ ಜಂತೆಗೆ ತೂಗುಹಾಕಿದ್ದಳು. ಹಣ್ಣಾಗುವ ಬಾಳೆ ಎಥಿಲೀನ್ ಅನಿಲ ಬಿಡುತ್ತದೆ. ಅದು ಕಾಯನ್ನು ಹಣ್ಣು ಮಾಡುವಂತೆಯೇ ಆರ್ಕಿಡ್ ಮೊಗ್ಗನ್ನೂ ಮುದಿ ಮಾಡುತ್ತದೆ. ನಾಲ್ಕು ದಿನದಲ್ಲಿ ತುದಿಯ ಎರಡು ಮೊಗ್ಗು ಹಳದಿಯಾಗಿ ಕೈತಾಗಿಸಿದರೆ ಉದುರಿದವು. ಗೊನೆಯನ್ನು ಓಣಿಗೆಲ್ಲ ಹಂಚಿ, ಎರಡು ದಿನ ಬಾಗಿಲು ತೆರೆದಿಟ್ಟೆ. ಉಳಿದದ್ದು ಉಳಿಯಿತು.

ಯುಗಾದಿಗೆ ಅರಳಲಿ ಅಂತ ಮಾರ್ಚ್ 30ಕ್ಕೆ ಕಾದೆ. ಅರಳಿದ್ದು ಏಪ್ರಿಲ್ 3ಕ್ಕೆ, ಮೊದಲನೆಯದು. ಹದಿನೈದು ದಿನದಲ್ಲಿ ಏಳೂ ತೆರೆದವು. ಹೊರಗೆ 38 ಡಿಗ್ರಿ ಇದ್ದುದರಿಂದ ಗಿಡವನ್ನು ಮನೆಗೆ ತರಲಿಲ್ಲ, ನೋಡುವವರೇ ಹಳೇ ಊರಿಗೆ ಬರಬೇಕಾಯಿತು. ಗುಜರಿ ಮೋಟಾರುಗಳ ನಡುವೆ ಟ್ಯೂಬ್‌ಲೈಟಿನ ಕೆಳಗೆ ಏಳು ಬಿಳಿ ಹೂವು. ಮಗಳು ಬಂದು ಫೋಟೋ ತೆಗೆದಳು, ಹಿಂದಿನ ಸ್ಟೇಟರುಗಳು ಕಾಣದ ಹಾಗೆ.

ಪಕ್ಕದ ಮನೆಯ ಅಜ್ಜಿಯೂ ಆಟೋದಲ್ಲಿ ಬಂದು ನೋಡಿ, ‘ಒಂದು ತುಂಡು ಮುರಿದು ಕೊಡ್ರಿ’ ಅಂದರು. ಫೆಲನಾಪ್ಸಿಸ್‌ನಿಂದ ತುಂಡು ಕೊಡಲು ಆಗುವುದಿಲ್ಲ, ಒಂದೇ ಸುಳಿ ಅಂದೆನಲ್ಲ. ಡೆಂಡ್ರೋಬಿಯಮ್ಮಿನ ಹಳೆಯ ದಂಟಿನ ಮೇಲೆ ಮರಿಯೊಂದು ಹುಟ್ಟಿತ್ತು, ಬೇರು ಎರಡು ಇಂಚು ಬಂದಿದ್ದವು. ಅದನ್ನು ಕತ್ತರಿಸಿ, ತೂತು ಕೊರೆದ ತೆಂಗಿನ ಚಿಪ್ಪಿನಲ್ಲಿ ಇದ್ದಿಲು ಹಾಕಿ ಕಟ್ಟಿಕೊಟ್ಟೆ. ಅಜ್ಜಿ ಅದನ್ನು ಹಿತ್ತಲಿನ ನುಗ್ಗೆ ಮರಕ್ಕೆ ತೂಗುಹಾಕಿ ದಿನಾ ಅಕ್ಕಿ ತೊಳೆದ ನೀರು ಹಾಕುತ್ತಿದ್ದಾರೆ. ತಡೆಯಲಾರದೆ ಒಂದು ದಿನ ಮೀಟರು ಒಯ್ದು ಆ ಪಾತ್ರೆಯಲ್ಲಿ ಅದ್ದಿದೆ. 310 ಬಂತು. ಹೊಳೆ ನೀರಿನಲ್ಲಿ ತೊಳೆದಿದ್ದರು. ಸುಮ್ಮನೆ ವಾಪಸ್ ಬಂದೆ.